ತಾಮ್ರ–ರ‍್ಯಾಡಿಕಲ್ ಸಂಕೀರ್ಣಗಳ ಅಳತೆಗೆ ಎಂಪಿಎಂಎಸ್-3 ಕಾಂತಮಾಪಕ: ಬಳಕೆದಾರರ ವಿಮರ್ಶೆ

ಕ್ವಾಂಟಮ್ ಡಿಸೈನ್ ಕಂಪನಿಯ ಎಂಪಿಎಂಎಸ್-3 ಸ್ಕ್ವಿಡ್ (ಅತಿ ಸಣ್ಣ ಕಾಂತೀಯ ಸಂಕೇತವನ್ನೂ ಗ್ರಹಿಸುವ ಅತಿವಾಹಕ ಸಂವೇದಕ) ಕಾಂತಮಾಪಕವನ್ನು ಅತಿವಾಹಕಗಳ ಮೇಲೂ ತೆಳುಪದರಗಳ ಮೇಲೂ ಕೆಲಸ ಮಾಡುವವರು ಚೆನ್ನಾಗಿ ಬಲ್ಲರು. ನಾನು ಈ ವಿಮರ್ಶೆಯನ್ನು ಬರೆಯುತ್ತಿರುವುದು ರಸಾಯನಶಾಸ್ತ್ರದ ಒಂದು ಸಣ್ಣ ಮೂಲೆಯಿಂದ: ತಾಮ್ರದ ಅಯಾನಿಗೆ ನೈಟ್ರಾಕ್ಸೈಡ್‌ನಂಥ ಸಾವಯವ ರ‍್ಯಾಡಿಕಲ್ಲೇ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣುವೇ) ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಳ್ಳುವ ಗುಂಪು) ಆಗಿ ಬಂಧಿಸಿರುವ ಸಂಕೀರ್ಣಗಳನ್ನು ತಯಾರಿಸಿ, ಅವುಗಳ ಕಾಂತೀಯ ನಡವಳಿಕೆಯನ್ನು ಅಳೆಯಬೇಕಾದವರ ಕಡೆಯಿಂದ. ಈ ಉಪಕರಣವು ಇಂಥ ವಸ್ತುಗಳಿಗೆ ತೀರ ಒಳ್ಳೆಯದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಕೊಡುವ ಸಂಖ್ಯೆಯಲ್ಲಿ ಎಷ್ಟು ಭಾಗ ಅಣುವಿನದು, ಎಷ್ಟು ಭಾಗ ನಾವು ಮಾದರಿಯನ್ನು ಒಳಗಿಟ್ಟ ರೀತಿಯದು ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ತಾಮ್ರ–ರ‍್ಯಾಡಿಕಲ್ ಸಂಕೀರ್ಣಗಳಲ್ಲಿ ಈ ಎರಡನೆಯ ಭಾಗವು ಅನೇಕರು ಎಣಿಸುವುದಕ್ಕಿಂತ ದೊಡ್ಡದು.

ಉಪಕರಣದ ಯೋಗ್ಯತೆಯನ್ನು ತೂಗುವ ಮೊದಲು ಅದರಿಂದ ನಾವು ಏನನ್ನು ಕೇಳುತ್ತೇವೆ ಎಂಬುದು ಸ್ಪಷ್ಟವಾಗಬೇಕು. ದ್ವಿವೇಲೆನ್ಸಿಯ ತಾಮ್ರದಲ್ಲಿ ಒಂಬತ್ತು ಡಿ-ಎಲೆಕ್ಟ್ರಾನುಗಳಿದ್ದು, ಜೋಡಿಯಿಲ್ಲದ ಒಂದೇ ಎಲೆಕ್ಟ್ರಾನ್ ಸಾಮಾನ್ಯವಾಗಿ ಡಿ(ಎಕ್ಸ್²−ವೈ²) ಕಕ್ಷಕದಲ್ಲಿರುತ್ತದೆ. ಈ ಕಕ್ಷಕದ ಹಾಲೆಗಳು ಸಮತಲದಲ್ಲಿರುವ ನಾಲ್ಕು ಲಿಗ್ಯಾಂಡುಗಳ ಕಡೆಗೆ ಚಾಚಿಕೊಂಡಿರುತ್ತವೆ. ಯಾನ್–ಟೆಲ್ಲರ್ ವಿರೂಪದಿಂದಾಗಿ ಅಕ್ಷದ ಮೇಲಿನ ಎರಡು ಬಂಧಗಳು ಉದ್ದವಾಗಿರುತ್ತವೆ. ನೈಟ್ರಾಕ್ಸೈಡ್ ರ‍್ಯಾಡಿಕಲ್ಲಿನ ಒಂಟಿ ಎಲೆಕ್ಟ್ರಾನ್ ಸಾರಜನಕ–ಆಮ್ಲಜನಕ ಬಂಧದ ಪೈ-ಸ್ಟಾರ್ ಕಕ್ಷಕದಲ್ಲಿರುತ್ತದೆ. ರ‍್ಯಾಡಿಕಲ್ಲಿನ ಆಮ್ಲಜನಕವು ಅಕ್ಷದ ಸ್ಥಾನದಿಂದ ತಾಮ್ರವನ್ನು ಮುಟ್ಟಿದರೆ ಎರಡೂ ಕಕ್ಷಕಗಳು ಬಹುಮಟ್ಟಿಗೆ ಪರಸ್ಪರ ಲಂಬಕೀಯವಾಗಿ ಉಳಿಯುತ್ತವೆ. ಆಗ ಸ್ಪಿನ್‌ಗಳು ಒಂದೇ ದಿಕ್ಕಿಗೆ ನಿಲ್ಲುವ ಫೆರೋಕಾಂತೀಯ ವಿನಿಮಯ (ಎಲೆಕ್ಟ್ರಾನುಗಳ ಸ್ಪಿನ್, ಅಂದರೆ ಪುಟ್ಟ ಕಾಂತತ್ವಗಳ ನಡುವಿನ ಸಂಬಂಧ) ಕಾಣುತ್ತದೆ, ಅದರ ಪ್ರಮಾಣ ಸಾಮಾನ್ಯವಾಗಿ ಕೆಲವು ಹತ್ತು ಸೆಂ.ಮೀ.⁻¹ (ಶಕ್ತಿಯ ಒಂದು ಏಕಮಾನ) ಮಾತ್ರ. ಅದೇ ಆಮ್ಲಜನಕವು ಸಮತಲದ ಸ್ಥಾನಕ್ಕೆ ಬಂದರೆ ಕಕ್ಷಕಗಳು ನೇರವಾಗಿ ಅತಿವ್ಯಾಪಿಸಿ, ನೂರಾರು ಸೆಂ.ಮೀ.⁻¹ ಬಲದ ಆ್ಯಂಟಿಫೆರೋಕಾಂತೀಯ ವಿನಿಮಯ ಹುಟ್ಟುತ್ತದೆ, ಅಂದರೆ ಸ್ಪಿನ್‌ಗಳು ಎದುರುಬದುರು ದಿಕ್ಕಿಗೆ ನಿಲ್ಲುತ್ತವೆ, ಮತ್ತು ಸಂಕೀರ್ಣವು ಕೋಣೆಯ ತಾಪಮಾನದಲ್ಲೇ ಹೆಚ್ಚುಕಡಿಮೆ ಡಯಾಕಾಂತೀಯವಾಗಿ (ಒಂಟಿ ಎಲೆಕ್ಟ್ರಾನೇ ಇಲ್ಲದಂತೆ, ಕ್ಷೇತ್ರವನ್ನು ಅಲ್ಪವಾಗಿ ವಿರೋಧಿಸುತ್ತ) ವರ್ತಿಸಬಹುದು. ಲಂಬಕೀಯತೆ ಮತ್ತು ಅತಿವ್ಯಾಪನೆಗಳ ಮೂಲಕ ವಿನಿಮಯದ ಚಿಹ್ನೆಯನ್ನು ವಿವರಿಸುವ ಈ ಚಿಂತನೆಗೆ ಒಲಿವಿಯೇ ಕಾನ್ ಅವರ ಕೆಲಸ ದೊಡ್ಡ ಆಧಾರ. ಲೋಹ–ನೈಟ್ರೋನಿಲ್ ನೈಟ್ರಾಕ್ಸೈಡ್ ಸಂಯುಕ್ತಗಳ ಮೇಲೆ ಅದನ್ನು ವಿಸ್ತಾರವಾಗಿ ಪರೀಕ್ಷಿಸಿದವರಲ್ಲಿ ಫ್ಲಾರೆನ್ಸ್‌ನ ದಾಂತೆ ಗಾತೆಸ್ಕಿ ಮತ್ತು ಆಂದ್ರೆಯಾ ಕನೆಸ್ಕಿ, ಗ್ರೆನೋಬಲ್‌ನ ಪಾಲ್ ರೇ ಮುಖ್ಯರು. ಒಂದೇ ಲೋಹ, ಒಂದೇ ರ‍್ಯಾಡಿಕಲ್, ಬಂಧದ ಸ್ಥಾನ ಮಾತ್ರ ಬೇರೆ. ಕಾಂತೀಯ ಉತ್ತರ ಪೂರ್ತಿ ತಿರುಗಿಬೀಳುತ್ತದೆ. ನನಗೆ ಈ ಸಂಯುಕ್ತಗಳ ಮೇಲಿನ ಆಸಕ್ತಿ ಇಂದಿಗೂ ಕುಂದದಿರುವುದಕ್ಕೆ ಇದೇ ಕಾರಣ.

ಈ ಉತ್ತರವನ್ನು ಓದುವ ರೂಢಿಯ ವಿಧಾನವೆಂದರೆ ಮೋಲಾರ್ ಸಸೆಪ್ಟಿಬಿಲಿಟಿಯನ್ನು (ಕ್ಷೇತ್ರಕ್ಕೆ ಒಂದು ಮೋಲ್ ವಸ್ತು ತೋರುವ ಕಾಂತೀಯ ಪ್ರತಿಕ್ರಿಯೆಯನ್ನು) ತಾಪಮಾನದಿಂದ ಗುಣಿಸಿ, ಆ ಗುಣಲಬ್ಧವನ್ನು ತಾಪಮಾನದ ಎದುರು ಚಿತ್ರಿಸುವುದು. ಜಿ-ಬೆಲೆಯನ್ನು (ಸ್ಪಿನ್ ಎಷ್ಟು ಕಾಂತತ್ವ ಕೊಡುತ್ತದೆ ಎಂದು ಹೇಳುವ ಸಂಖ್ಯೆಯನ್ನು) 2 ಎಂದಿಟ್ಟುಕೊಂಡರೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅರ್ಧ-ಸ್ಪಿನ್‌ಗಳಿಗೆ ಗುಣಲಬ್ಧ 0.75 ಘನ ಸೆಂ.ಮೀ.–ಕೆಲ್ವಿನ್ ಪ್ರತಿ ಮೋಲ್ ಆಗಿರುತ್ತದೆ. ಅವು ಒಂದೇ ದಿಕ್ಕಿನ ಟ್ರಿಪ್ಲೆಟ್ ಸ್ಥಿತಿಯಲ್ಲಿ ಕೂಡಿದರೆ 1.00, ಎದುರು ದಿಕ್ಕಿನ ಸಿಂಗ್ಲೆಟ್ ಸ್ಥಿತಿಯಲ್ಲಿ ಕೂಡಿದರೆ ಸೊನ್ನೆ. ಬ್ಲೀನಿ ಮತ್ತು ಬೋವರ್ಸ್ 1952ರಲ್ಲಿ ತಾಮ್ರದ ಅಸಿಟೇಟಿನ ಜೋಡಿ ಅಯಾನುಗಳಿಗೆ ಬರೆದ ಸಮೀಕರಣವೇ ಇಲ್ಲಿಯೂ ಸಾಕು, ಏಕೆಂದರೆ ಗಣಿತಕ್ಕೆ ಬೇಕಾಗಿರುವುದು ಎರಡು ಅರ್ಧ-ಸ್ಪಿನ್‌ಗಳು ಮಾತ್ರ. ಅವುಗಳಲ್ಲಿ ಒಂದು ಲೋಹದ ಮೇಲಿದೆಯೋ ಸಾವಯವ ಅಣುವಿನ ಮೇಲಿದೆಯೋ ಎಂಬುದು ಮುಖ್ಯವಲ್ಲ. ಟ್ರಿಪ್ಲೆಟ್ ಸ್ಥಿತಿಯು ಸಿಂಗ್ಲೆಟ್‌ಗಿಂತ 20 ಸೆಂ.ಮೀ.⁻¹ ಕೆಳಗಿದೆ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ ಗುಣಲಬ್ಧವು 300 ಕೆಲ್ವಿನ್‌ನಲ್ಲಿ 0.77, 50 ಕೆಲ್ವಿನ್‌ನಲ್ಲಿ 0.84, 10 ಕೆಲ್ವಿನ್‌ನಲ್ಲಿ 0.98 ಎಂದು ಬರುತ್ತದೆ. ಕೋಣೆಯ ತಾಪಮಾನದಲ್ಲಿ 0.75ಕ್ಕೂ 0.77ಕ್ಕೂ ಇರುವ ಅಂತರವನ್ನು ತಾಮ್ರದ ಜಿ-ಬೆಲೆಯ ಅಲ್ಪ ಹೆಚ್ಚಳವೊಂದೇ ನುಂಗಿಹಾಕುತ್ತದೆ. ಆದ್ದರಿಂದ ಅಕ್ಷದ ಸ್ಥಾನದ ಸಂಕೀರ್ಣಗಳ ನಿಜವಾದ ಮಾಹಿತಿ ಇರುವುದು 50 ಕೆಲ್ವಿನ್‌ಗಿಂತ ಕೆಳಗೆ, ಮತ್ತು ಅಲ್ಲಿಗೆ ತಲುಪದ ಯಾವ ಉಪಕರಣವೂ ಅವುಗಳಿಗೆ ಪ್ರಯೋಜನವಿಲ್ಲ.

ಎಂಪಿಎಂಎಸ್-3 ತನ್ನ ಹೆಸರನ್ನು ಉಳಿಸಿಕೊಳ್ಳುವುದು ಇಲ್ಲಿಯೇ. ಅದರ ವ್ಯಾಪ್ತಿ 1.8ರಿಂದ 400 ಕೆಲ್ವಿನ್, ಕ್ಷೇತ್ರ ಎರಡೂ ದಿಕ್ಕಿಗೆ 7 ಟೆಸ್ಲಾ, ಕಡಿಮೆ ಕ್ಷೇತ್ರದಲ್ಲಿ ಸಂವೇದನೆ 10⁻⁸ ಇಎಂಯು (ಕಾಂತತ್ವದ ಏಕಮಾನ) ಮಟ್ಟದ್ದು. ತಾಮ್ರದ ಹೆಕ್ಸಾಫ್ಲೂರೋಅಸಿಟೈಲ್‌ಅಸಿಟೊನೇಟ್ ಮತ್ತು ಫಿನೈಲ್ ನೈಟ್ರೋನಿಲ್ ನೈಟ್ರಾಕ್ಸೈಡ್ ಒಂದಕ್ಕೊಂದರಂತೆ ಕೂಡಿದ ಸಂಕೀರ್ಣದ ಅಣುತೂಕ ಸುಮಾರು 711. ಅದರ 10 ಮಿಲಿಗ್ರಾಂ ಪುಡಿಯನ್ನು 0.1 ಟೆಸ್ಲಾದಲ್ಲಿ ಇಟ್ಟರೆ ಕೋಣೆಯ ತಾಪಮಾನದಲ್ಲಿಯೂ ಸಂಕೇತವು 3.5×10⁻⁵ ಇಎಂಯು ಆಸುಪಾಸಿನಲ್ಲಿರುತ್ತದೆ, ಅಂದರೆ ಉಪಕರಣದ ಮಿತಿಗಿಂತ ಸಾವಿರಾರು ಪಟ್ಟು ಹೆಚ್ಚು. ತಣಿದಂತೆ ಅದು ಇನ್ನೂ ಬೆಳೆಯುತ್ತದೆ. ಕೈಯಲ್ಲಿ ಕೆಲವೇ ಮಿಲಿಗ್ರಾಂ ಹರಳುಗಳಿರುವ ಸಂಶ್ಲೇಷಣಕಾರನಿಗೆ ಇದು ದೊಡ್ಡ ನೆಮ್ಮದಿ. ತಾಪಮಾನವು ಬೇಗ ಇಳಿಯುತ್ತದೆ, ಇಳಿದ ಮೇಲೆ ಅಲುಗದೆ ನಿಲ್ಲುತ್ತದೆ. ಮಲ್ಟಿವ್ಯೂ ತಂತ್ರಾಂಶದಲ್ಲಿ ಇಡೀ ಅಳತೆಯ ಕ್ರಮವನ್ನು ಮೊದಲೇ ಬರೆದಿಟ್ಟು ರಾತ್ರಿಯಿಡೀ ಓಡಿಸಬಹುದು. ಇವೆಲ್ಲ ಮೆಚ್ಚಬೇಕಾದ ಸಂಗತಿಗಳೇ, ಹೆಚ್ಚು ವಿವರಣೆ ಬೇಡ.

ನಾನು ಹೆಚ್ಚು ಹೇಳಬೇಕಾಗಿರುವುದು ಮಾದರಿಯ ಬಗ್ಗೆ. ಮೊದಲನೆಯ ಸಂಗತಿ ಡಯಾಕಾಂತೀಯ ತಿದ್ದುಪಡಿ. ಅಣುತೂಕದ ಅರ್ಧವನ್ನು ಹತ್ತು ಲಕ್ಷದಿಂದ ಭಾಗಿಸಿ ಋಣ ಚಿಹ್ನೆ ಹಾಕುವ ಸ್ಥೂಲ ನಿಯಮದ ಪ್ರಕಾರ ಮೇಲಿನ ಸಂಕೀರ್ಣದ ಡಯಾಕಾಂತೀಯ ಪಾಲು ಮೋಲಿಗೆ ಸುಮಾರು −3.6×10⁻⁴ ಘನ ಸೆಂ.ಮೀ.; 300 ಕೆಲ್ವಿನ್‌ನಲ್ಲಿ ಗುಣಲಬ್ಧಕ್ಕೆ ಅದು ತರುವ ಬದಲಾವಣೆ −0.11ರಷ್ಟು. ಒಟ್ಟು ಬೆಲೆಯೇ 0.75 ಇರುವಾಗ ಇದು ಶೇಕಡಾ 14ರಷ್ಟಾಗುತ್ತದೆ. ಫ್ಲೂರಿನ್ ತುಂಬಿದ ಭಾರವಾದ ಲಿಗ್ಯಾಂಡುಗಳ ನಡುವೆ ಎರಡೇ ಒಂಟಿ ಎಲೆಕ್ಟ್ರಾನುಗಳಿರುವ ಈ ಅಣುಗಳಲ್ಲಿ ತಿದ್ದುಪಡಿಯು ಔಪಚಾರಿಕತೆಯಾಗಿ ಉಳಿಯುವುದಿಲ್ಲ. ಪಾಸ್ಕಲ್ ಸ್ಥಿರಾಂಕಗಳನ್ನು (ಪ್ರತಿ ಪರಮಾಣು ಮತ್ತು ಬಂಧದ ಡಯಾಕಾಂತೀಯ ಪಾಲುಗಳನ್ನು) ಸರಿಯಾಗಿ ಕೂಡಿಸಬೇಕು, ತಾಪಮಾನದಿಂದ ಬದಲಾಗದ ಪ್ಯಾರಾಕಾಂತೀಯತೆಗಾಗಿ ತಾಮ್ರದ ಪ್ರತಿ ಅಯಾನಿಗೆ ಸುಮಾರು 60×10⁻⁶ ಘನ ಸೆಂ.ಮೀ. ಕಳೆಯಬೇಕು, ಜೆಲಾಟಿನ್ ಕ್ಯಾಪ್ಸೂಲನ್ನು ಖಾಲಿಯಾಗಿ ಪ್ರತ್ಯೇಕವಾಗಿ ಅಳೆದಿರಬೇಕು. ಕ್ಯಾಪ್ಸೂಲಿನ ತೂಕ ಮಾದರಿಯ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಕೋಣೆಯ ತಾಪಮಾನದಲ್ಲಿ ಅದರ ಋಣ ಸಂಕೇತವು ಮಾದರಿಯ ಸಂಕೇತದ ಗಣನೀಯ ಭಾಗವನ್ನೇ ಅಳಿಸುತ್ತದೆ. ಸಮತಲದ ಸ್ಥಾನದ ಸಂಕೀರ್ಣಗಳಲ್ಲಂತೂ ನೀವು ಅಳೆಯುತ್ತಿರುವುದು ಹೆಚ್ಚಾಗಿ ಕ್ಯಾಪ್ಸೂಲನ್ನೇ. ಉಪಕರಣದ ತಂತ್ರಾಂಶವು ಈ ಯಾವ ಕೆಲಸವನ್ನೂ ನಿಮ್ಮ ಪರವಾಗಿ ವಿವೇಚಿಸಿ ಮಾಡುವುದಿಲ್ಲ. ಮಾಡಲೂಬಾರದು ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಕ್ಷೇತ್ರದ ಆಯ್ಕೆ. ಸಂಕೇತ ಹೆಚ್ಚಲಿ ಎಂದು ಕೆಲವರು ಇಡೀ ಅಳತೆಯನ್ನು 1 ಟೆಸ್ಲಾದಲ್ಲಿ ಮುಗಿಸುತ್ತಾರೆ. ಟ್ರಿಪ್ಲೆಟ್ ಸ್ಥಿತಿಯ ಸಂಕೀರ್ಣಕ್ಕೆ 2 ಕೆಲ್ವಿನ್‌ನಲ್ಲಿ 1 ಟೆಸ್ಲಾ ಆಗಲೇ ಹೆಚ್ಚು: ಬ್ರಿಲ್ವಾ ಫಲನದ ಪ್ರಕಾರ ಕಾಂತತ್ವವು ಸರಳರೇಖೆಯಿಂದ ಬಾಗಿ, ಗುಣಲಬ್ಧವು ಸುಮಾರು ಶೇಕಡಾ 7ರಷ್ಟು ಕುಸಿದಂತೆ ತೋರುತ್ತದೆ. ಆ ಕುಸಿತವನ್ನು ಅಣುಗಳ ನಡುವಿನ ಆ್ಯಂಟಿಫೆರೋಕಾಂತೀಯ ಸಂಬಂಧವೆಂದು ವಿವರಿಸಲು ಮನಸ್ಸು ಎಳೆಯುತ್ತದೆ, ಏಕೆಂದರೆ ಪಕ್ಕಪಕ್ಕದ ನೈಟ್ರಾಕ್ಸೈಡ್ ಗುಂಪುಗಳ ನಡುವೆ ಅಂಥ ಸಂಬಂಧ ಇರುವುದೂ ಉಂಟು. 0.1 ಟೆಸ್ಲಾದಲ್ಲಿ ಅಳೆದರೆ ಈ ಗೊಂದಲವೇ ಹುಟ್ಟುವುದಿಲ್ಲ. ಆದರೆ ಕಡಿಮೆ ಕ್ಷೇತ್ರಕ್ಕೆ ಇನ್ನೊಂದು ತೊಡಕಿದೆ. ಅತಿವಾಹಕ ಕಾಂತದಲ್ಲಿ, ವಿಶೇಷವಾಗಿ 7 ಟೆಸ್ಲಾವರೆಗೆ ಹೋಗಿ ಬಂದ ಮೇಲೆ, ಕೆಲವು ಹತ್ತು ಓರ್‌ಸ್ಟೆಡ್‌ಗಳಷ್ಟು ಕ್ಷೇತ್ರ ಉಳಿದಿರಬಹುದು; ದತ್ತಾಂಶದ ಕಡತದಲ್ಲಿ ಬರುವ ಕ್ಷೇತ್ರದ ಬೆಲೆಯು ವಿದ್ಯುತ್ ಪ್ರವಾಹದಿಂದ ಲೆಕ್ಕ ಹಾಕಿದ್ದೇ ಹೊರತು ಮಾದರಿಯ ಜಾಗದಲ್ಲಿ ಅಳೆದದ್ದಲ್ಲ. 0.1 ಟೆಸ್ಲಾ, ಅಂದರೆ 1000 ಓರ್‌ಸ್ಟೆಡ್‌ಗೆ 20 ಓರ್‌ಸ್ಟೆಡ್ ಸೇರಿದರೆ ಗುಣಲಬ್ಧದಲ್ಲಿ ಶೇಕಡಾ 2ರ ದೋಷ, ಅಂದರೆ ನಾವು ಜಿ-ಬೆಲೆಯಿಂದ ಓದಲು ಬಯಸುವ ವ್ಯತ್ಯಾಸದಷ್ಟೇ. ಸಸೆಪ್ಟಿಬಿಲಿಟಿಯ ಅಳತೆಯನ್ನು ಮೊದಲು ಮುಗಿಸಿ, ಕಾಂತತ್ವ–ಕ್ಷೇತ್ರದ ಅಳತೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಹಿಂದಿನ ಬಳಕೆದಾರರು ಕ್ಷೇತ್ರವನ್ನು ಎಲ್ಲಿಗೆ ಬಿಟ್ಟುಹೋಗಿದ್ದಾರೆ ಎಂದು ತಿಳಿಯದಿದ್ದರೆ, ದಿಕ್ಕು ಬದಲಿಸುತ್ತ ಕ್ಷೇತ್ರವನ್ನು ಸೊನ್ನೆಗೆ ಇಳಿಸುವ ಆಂದೋಲನ ಕ್ರಮವನ್ನು ಓಡಿಸಬೇಕು.

ಮಾದರಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಉಪಕರಣದ ಅಳತೆಯನ್ನು ಪಲ್ಲಾಡಿಯಂನ ಪುಟ್ಟ ಉರುಳೆಯೊಂದಿಗೆ ಹೋಲಿಸಿ ಸರಿಪಡಿಸಿರುತ್ತಾರೆ. ಸಡಿಲವಾಗಿ ಹರಡಿದ ಪುಡಿ ಅಥವಾ ನಡುವಿನಿಂದ ಪಕ್ಕಕ್ಕೆ ಸರಿದ ಮಾದರಿ ಕೆಲವು ಶೇಕಡಾ ತಪ್ಪನ್ನು ತರಬಲ್ಲದು. ಪುಡಿಯನ್ನು ಒತ್ತಿ ಗಿಡ್ಡ ಉರುಳೆಯ ರೂಪಕ್ಕೆ ತರುವುದು ಒಳ್ಳೆಯದು. ತಾಮ್ರದ ಜಿ-ಬೆಲೆಯು ದಿಕ್ಕನ್ನು ಅವಲಂಬಿಸಿರುವುದರಿಂದ ಹೆಚ್ಚಿನ ಕ್ಷೇತ್ರದಲ್ಲಿ ಸಡಿಲ ಹರಳುಗಳು ತಿರುಗಿ ಸಾಲುಗೂಡುವ ಸಾಧ್ಯತೆಯೂ ಇದೆ. ಐಕೋಸೇನ್ ಮೇಣವನ್ನು ಕರಗಿಸಿ ಹಾಕಿ ಅವುಗಳನ್ನು ಹಿಡಿದು ನಿಲ್ಲಿಸುವುದು ರೂಢಿ. ಆದರೆ ಹೆಕ್ಸಾಫ್ಲೂರೋಅಸಿಟೈಲ್‌ಅಸಿಟೊನೇಟ್ ಸಂಕೀರ್ಣಗಳು ಹೈಡ್ರೊಕಾರ್ಬನ್ ದ್ರಾವಕಗಳಲ್ಲಿ ಕರಗುವ ಸ್ವಭಾವದವು, ಐಕೋಸೇನ್ ಕೂಡ ಹೈಡ್ರೊಕಾರ್ಬನ್ನೇ. ಹಾಗಾಗಿ ಮೇಣ ಬಳಸುವ ಮೊದಲು ಒಂದೆರಡು ಹರಳುಗಳನ್ನು ಅದರಲ್ಲಿ ಬಿಸಿಮಾಡಿ, ಬಣ್ಣ ಬಿಡುತ್ತವೆಯೇ ಎಂದು ನೋಡುವುದು ಅಗತ್ಯ. ಟೆಫ್ಲಾನ್ ಪಟ್ಟಿಯಲ್ಲಿ ಬಿಗಿಯಾಗಿ ಸುತ್ತಿ ಒತ್ತುವುದು ನನಗೆ ಹೆಚ್ಚು ನಂಬಿಕೆಯ ದಾರಿ ಎನಿಸಿದೆ. ಸುಮಾರು 50 ಕೆಲ್ವಿನ್‌ನ ಬಳಿ ಅಕಾರಣ ಉಬ್ಬೊಂದು ಕಾಣಿಸಿದರೆ, ಹೊಸ ಕಾಂತೀಯ ಸ್ಥಿತಿ ಸಿಕ್ಕಿತೆಂದು ಹಿಗ್ಗದೆ, ಕ್ಯಾಪ್ಸೂಲಿನೊಳಗೆ ಸಿಕ್ಕಿಕೊಂಡ ಆಮ್ಲಜನಕವನ್ನು ಮೊದಲು ಅನುಮಾನಿಸಬೇಕು.

ಈ ಎಲ್ಲ ಎಚ್ಚರಗಳ ನಿಜವಾದ ಪರೀಕ್ಷೆ ‘ಉಸಿರಾಡುವ ಹರಳು’ಗಳೆಂದು ಹೆಸರಾದ ಸಂಯುಕ್ತಗಳಲ್ಲಿ ನಡೆಯುತ್ತದೆ. ತಾಮ್ರ–ನೈಟ್ರಾಕ್ಸೈಡ್ ಸಂಯುಕ್ತದಲ್ಲಿ ತಾಪಮಾನ ಬದಲಿಸಿದಾಗ ರ‍್ಯಾಡಿಕಲ್ಲಿನ ಬಂಧವು ಅಕ್ಷದ ಸ್ಥಾನದಿಂದ ಸಮತಲದ ಸ್ಥಾನಕ್ಕೆ ಬದಲಾಗಿ, ಸ್ಪಿನ್ ಪರಿವರ್ತನೆಯಂಥ ನೆಗೆತ ಕಾಣುವುದನ್ನು ಪಾಲ್ ರೇ ಅವರ ಗುಂಪು 1995ರಲ್ಲಿ ಪ್ರಕಟಿಸಿತು. ಆ ಮೇಲೆ ನೊವೊಸಿಬಿರ್ಸ್ಕ್‌ನಲ್ಲಿ ವಿಕ್ಟರ್ ಒವ್ಚರೆಂಕೊ ಮತ್ತು ಸಂಗಡಿಗರು ಪೈರಜೋಲ್ ಗುಂಪನ್ನು ಹೊತ್ತ ನೈಟ್ರೋನಿಲ್ ನೈಟ್ರಾಕ್ಸೈಡ್‌ಗಳಿಂದ ಇಂಥ ಸಂಯುಕ್ತಗಳ ದೊಡ್ಡ ಕುಟುಂಬವನ್ನೇ ಕಟ್ಟಿದರು. ಇವುಗಳಲ್ಲಿ ತಾಮ್ರದ ಎರಡೂ ಬದಿಗೆ ನೈಟ್ರಾಕ್ಸೈಡ್ ಇರುವ ಮೂರು-ಸ್ಪಿನ್ ಘಟಕಗಳಿವೆ. ಹೆಚ್ಚಿನ ತಾಪಮಾನದಲ್ಲಿ ತಾಮ್ರ–ಆಮ್ಲಜನಕ ದೂರ 2.3ರಿಂದ 2.5 ಆಂಗ್‌ಸ್ಟ್ರಮ್ ಇದ್ದು, ತಣಿದಾಗ ಸುಮಾರು 2.0ಕ್ಕೆ ಇಳಿಯುತ್ತದೆ; ಆ ಘಟಕದ ಗುಣಲಬ್ಧವು ಮೂರು ಸ್ವತಂತ್ರ ಸ್ಪಿನ್‌ಗಳ 1.125ರ ಆಸುಪಾಸಿನಿಂದ ಒಂದೇ ಸ್ಪಿನ್ನಿನ 0.375ರ ಕಡೆಗೆ ಕುಸಿಯುತ್ತದೆ. ಆಮ್ಲಜನಕದ ಪರಮಾಣುವೊಂದು ಅರ್ಧ ಆಂಗ್‌ಸ್ಟ್ರಮ್‌ಗಿಂತಲೂ ಕಡಿಮೆ ದೂರ ಸರಿದದ್ದು ಸ್ಕ್ವಿಡ್ಡಿನ ಪರದೆಯ ಮೇಲೆ ಕಣ್ಣಿಗೆ ರಾಚುವಂಥ ಮೆಟ್ಟಿಲಾಗಿ ಕಾಣುತ್ತದೆ. ಇದಕ್ಕಿಂತ ಚೆಂದದ ಅಳತೆಯನ್ನು ನಾನು ಬೇರೆ ಯಾವ ವಸ್ತುವಿನಲ್ಲೂ ಕಂಡಿಲ್ಲ.

ಇಂಥ ಹರಳುಗಳಿಗೆ ಎಂಪಿಎಂಎಸ್-3ರ ವೇಗವೇ ಅಪಾಯಕಾರಿಯಾಗುತ್ತದೆ. ತಾಪಮಾನವನ್ನು ನಿಲ್ಲಿಸದೆ ಸರಾಗವಾಗಿ ಬದಲಿಸುತ್ತಲೇ ಅಳೆಯುವ ಸೌಲಭ್ಯ ಆಕರ್ಷಕವಾದದ್ದು. ಆದರೆ ಪರಿವರ್ತನೆಯ ಬಳಿ ಹರಳಿಗೆ ಹೊಂದಿಕೊಳ್ಳಲು ಕಾಲ ಬೇಕು, ತಾಪಮಾನ ಸೂಚಕದ ಬೆಲೆಗೂ ಪುಡಿಯ ನಿಜವಾದ ತಾಪಮಾನಕ್ಕೂ ಅಂತರ ಬಿದ್ದರೆ, ಇಲ್ಲದ ಹಿಸ್ಟರಿಸಿಸ್ (ಇಳಿಯುವ ಮತ್ತು ಏರುವ ರೇಖೆಗಳ ನಡುವಿನ ಕುಣಿಕೆ) ಇದ್ದಂತೆ ತೋರುತ್ತದೆ. ಪರಿವರ್ತನೆಯ ವಲಯದಲ್ಲಿ ಪ್ರತಿ ತಾಪಮಾನದಲ್ಲೂ ನಿಲ್ಲಿಸಿ ಅಳೆಯಬೇಕು, ಇಳಿಯುವಾಗಲೂ ಏರುವಾಗಲೂ ಅಳೆಯಬೇಕು, ಎರಡು ಬೇರೆ ವೇಗಗಳಲ್ಲಿ ಹೋಲಿಸಬೇಕು. ವೇಗ ಕಡಿಮೆ ಮಾಡಿದಾಗ ಕಿರಿದಾಗುವ ಕುಣಿಕೆಯನ್ನು ವಸ್ತುವಿನ ಗುಣವೆಂದು ಬರೆಯಲಾಗದು. ಇನ್ನೂ ದೊಡ್ಡ ಅಪಾಯ ದ್ರಾವಕದ್ದು. ಈ ಹರಳುಗಳಲ್ಲಿ ಅನೇಕವು ಒಳಗೆ ದ್ರಾವಕದ ಅಣುಗಳನ್ನು ಹಿಡಿದಿಟ್ಟುಕೊಂಡಿರುತ್ತವೆ, ಪರಿವರ್ತನೆಯ ತಾಪಮಾನ ಆ ಅಣುಗಳನ್ನೂ ಅವಲಂಬಿಸಿರುತ್ತದೆ. ಮಾದರಿಯನ್ನು ಒಳಗಿಟ್ಟ ಕೂಡಲೇ ಉಪಕರಣವು ಕೋಣೆಯ ಗಾಳಿಯನ್ನು ಎಳೆದು ತೆಗೆದು ಹೀಲಿಯಂ ತುಂಬುವ ಕ್ರಮವನ್ನು ಮತ್ತೆ ಮತ್ತೆ ನಡೆಸುತ್ತದೆ. ತೂತಿರುವ ಕ್ಯಾಪ್ಸೂಲಿನಲ್ಲಿರುವ ಹರಳಿನ ದ್ರಾವಕ ಆಗಲೇ ಹೊರಟುಹೋಗಬಹುದು. ಎಕ್ಸ್-ಕಿರಣದಿಂದ ರಚನೆ ತಿಳಿದ ಹರಳು ಒಂದು, ಕಾಂತಮಾಪಕದಲ್ಲಿ ಅಳೆದ ಪುಡಿ ಇನ್ನೊಂದು ಎಂಬ ಸ್ಥಿತಿ ಹೀಗೆ ಹುಟ್ಟುತ್ತದೆ. ಇದಕ್ಕೆ ಪರಿಹಾರ ಹೀಲಿಯಂನ ಅಡಿಯಲ್ಲಿ ಕ್ವಾರ್ಟ್ಜ್ ನಳಿಗೆಯಲ್ಲಿ ಮುಚ್ಚಿದ ಮಾದರಿ. ಉಪಕರಣ ನಡೆಸುವವರು ಅದಕ್ಕೆ ಹೆಚ್ಚಿನ ಸಮಯ ಬೇಕೆಂದರೂ ಹಟ ಹಿಡಿದು ಅದನ್ನೇ ಕೇಳಬೇಕು. ನಾನು ಮಾದರಿಗಳನ್ನು ಕೊಟ್ಟ ಸೇವಾಕೇಂದ್ರವೊಂದು ಈ ವಿಷಯವನ್ನು ಕೇಳದೆ ಎಲ್ಲ ಮಾದರಿಗಳಿಗೂ ಒಂದೇ ಕ್ರಮವನ್ನು ಹಚ್ಚಿತ್ತು. ಬಂದ ವಕ್ರರೇಖೆ ನುಣುಪಾಗಿತ್ತು, ಆದರೆ ಅದು ದ್ರಾವಕ ಕಳೆದುಕೊಂಡ ವಸ್ತುವಿನದಾಗಿತ್ತು. ಅಳತೆಯ ಮುಂಚೆ ಮತ್ತು ನಂತರ ತೂಗಿ ನೋಡುವ ಸರಳ ಕ್ರಮವೇ ಅದನ್ನು ತೋರಿಸಿಕೊಡುತ್ತದೆ.

ಸಮತಲದ ಸ್ಥಾನದ ಸಂಕೀರ್ಣಗಳಿಗೆ ಮಾತ್ರ ಈ ಉಪಕರಣವನ್ನು ನಾನು ಅಷ್ಟು ಉತ್ಸಾಹದಿಂದ ಶಿಫಾರಸು ಮಾಡಲಾರೆ. ಸಿಂಗ್ಲೆಟ್ ಸ್ಥಿತಿಯು 500 ಸೆಂ.ಮೀ.⁻¹ ಕೆಳಗಿದ್ದರೆ ಗುಣಲಬ್ಧವು 300 ಕೆಲ್ವಿನ್‌ನಲ್ಲಿ 0.21, ಉಪಕರಣದ ಸಾಮಾನ್ಯ ಮಿತಿಯಾದ 400 ಕೆಲ್ವಿನ್‌ನಲ್ಲಿಯೂ 0.33 ಮಾತ್ರ, ವಕ್ರರೇಖೆಯ ಮೇಲರ್ಧ ನಮಗೆ ಸಿಗುವುದೇ ಇಲ್ಲ, ಸಿಗುವಷ್ಟು ಬಿಸಿ ಮಾಡಿದರೆ ಅನೇಕ ಸಂಕೀರ್ಣಗಳು ಉಳಿಯುವುದಿಲ್ಲ. ಕೆಳಗಿನ ತಾಪಮಾನದಲ್ಲಿ ಕಾಣುವ ಏರಿಕೆಯು ಜೋಡಿಯಾಗದ ತಾಮ್ರ ಅಥವಾ ಬಿಡುಗಡೆಯಾದ ರ‍್ಯಾಡಿಕಲ್ಲಿನ ಕಲ್ಮಶದ್ದು. ಅದನ್ನು ಕಳೆದ ಮೇಲೆ ಬರುವ ವಿನಿಮಯದ ಬೆಲೆಗೆ ನಾಲ್ಕು ಅಂಕಿಗಳ ನಿಖರತೆ ಬರೆಯುವುದು ಸಲ್ಲದು. ‘ಬಹಳ ಬಲವಾದ ಆ್ಯಂಟಿಫೆರೋಕಾಂತೀಯ ಸಂಬಂಧವಿದೆ’ ಎಂಬಷ್ಟೇ ಉತ್ತರ ಸಾಕಾಗಿದ್ದರೆ ಕೋಣೆಯ ತಾಪಮಾನದ ಸಾಧಾರಣ ಕಾಂತತಕ್ಕಡಿಯೇ ಅದನ್ನು ಹೇಳುತ್ತದೆ. ಗ್ಯಾಲಕ್ಟೋಸ್ ಆಕ್ಸಿಡೇಸ್ ಎಂಬ ಕಿಣ್ವದ ಸಕ್ರಿಯ ರೂಪದಲ್ಲಿ ತಾಮ್ರಕ್ಕೆ ಟೈರೊಸಿಲ್ ರ‍್ಯಾಡಿಕಲ್ ಬಂಧಿಸಿದ್ದು, ಎರಡೂ ಸ್ಪಿನ್‌ಗಳು ಹೀಗೆಯೇ ಜೋಡಿಯಾಗಿ ಇಪಿಆರ್ (ಒಂಟಿ ಎಲೆಕ್ಟ್ರಾನುಗಳನ್ನು ಸೂಕ್ಷ್ಮತರಂಗಗಳಿಂದ ಪತ್ತೆಮಾಡುವ ವಿಧಾನ) ಸಂಕೇತವನ್ನೇ ಕೊಡುವುದಿಲ್ಲ; ಅದನ್ನು ಅನುಕರಿಸುವ ಫಿನಾಕ್ಸಿಲ್ ಸಂಕೀರ್ಣಗಳನ್ನು ತಯಾರಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ದತ್ತಾಂಶ ಕೈಗೆ ಬಂದ ಮೇಲೆ ಒಂದು ಮಾತು. ವಿನಿಮಯ ಸ್ಥಿರಾಂಕ ಜೆ-ಯನ್ನು ಬರೆಯುವ ಪದ್ಧತಿಗಳು ಹಲವು: ಹ್ಯಾಮಿಲ್ಟೋನಿಯನ್ನಿನಲ್ಲಿ (ಶಕ್ತಿಯನ್ನು ವಿವರಿಸುವ ಸೂತ್ರದಲ್ಲಿ) −ಜೆ, −2ಜೆ, +ಜೆ ಎಂದು ಬೇರೆ ಬೇರೆಯವರು ಬರೆಯುತ್ತಾರೆ. ಉಚಿತವಾಗಿ ಸಿಗುವ ಮತ್ತು ನಾನು ಮೆಚ್ಚುವ ‘ಫೈ’ ತಂತ್ರಾಂಶವು −2ಜೆ ಪದ್ಧತಿಯನ್ನು ಅನುಸರಿಸುತ್ತದೆ. ಹಳೆಯ ಲೇಖನದ ಬೆಲೆಯೊಂದಿಗೆ ಹೋಲಿಸುವಾಗ ಎರಡರಷ್ಟು ವ್ಯತ್ಯಾಸ ಬಂದರೆ ಮೊದಲು ಪದ್ಧತಿಯನ್ನು ನೋಡಬೇಕು. ಉಸಿರಾಡುವ ಹರಳುಗಳಿಗೆ ಇಡೀ ವ್ಯಾಪ್ತಿಗೆ ಒಂದೇ ಜೆ ಹೊಂದಿಸುವುದು ಅರ್ಥಹೀನ, ಏಕೆಂದರೆ ಬಂಧದ ಉದ್ದವೇ ಬದಲಾಗುತ್ತಿರುವಾಗ ಜೆ ಕೂಡ ಬದಲಾಗುತ್ತಿರುತ್ತದೆ. ಅಲ್ಲಿ ಬೇರೆ ಬೇರೆ ತಾಪಮಾನಗಳಲ್ಲಿ ಅಳೆದ ರಚನೆ ಮತ್ತು ಇಪಿಆರ್ ದತ್ತಾಂಶವಿಲ್ಲದೆ ಕಾಂತಮಾಪಕದ ರೇಖೆಯೊಂದರಿಂದಲೇ ತೀರ್ಮಾನಕ್ಕೆ ಬರುವುದು ದುಡುಕು.

ಬೆಳಕಿನ ಪ್ರಯೋಗಗಳ ಬಗ್ಗೆಯೂ ಹೇಳಬೇಕು. ಅತಿ ಕಡಿಮೆ ತಾಪಮಾನದಲ್ಲಿ ಬೆಳಕು ಬೀರಿ ಉಸಿರಾಡುವ ಹರಳುಗಳನ್ನು ಬಲವಾದ ವಿನಿಮಯದ ಸ್ಥಿತಿಯಿಂದ ದುರ್ಬಲ ವಿನಿಮಯದ ಸ್ಥಿತಿಗೆ ತಂದು ನಿಲ್ಲಿಸಬಹುದೆಂದು ಮತ್ವೇಯ್ ಫೆದಿನ್ ಮತ್ತು ಸಂಗಡಿಗರು 2008ರಲ್ಲಿ ಇಪಿಆರ್ ಮೂಲಕ ತೋರಿಸಿದರು. ಎಂಪಿಎಂಎಸ್-3ಕ್ಕೆ ಸಿಗುವ ಬೆಳಕಿನ ತಂತುವಿನ ಮಾದರಿ-ಹಿಡಿಕೆಯಿಂದ ಇಂಥ ಪ್ರಯೋಗವನ್ನು ಕಾಂತಮಾಪಕದಲ್ಲೂ ಮಾಡಬಹುದು. ಆದರೆ ಈ ಸಂಯುಕ್ತಗಳು ಗಾಢ ಬಣ್ಣದವು, ಬೆಳಕು ಮೇಲ್ಪದರವನ್ನು ದಾಟಿ ಒಳಗೆ ಇಳಿಯುವುದಿಲ್ಲ. ಹಾಗಾಗಿ ತೆಳುವಾದ ಪದರವನ್ನಷ್ಟೇ ಹರಡಬೇಕಾಗುತ್ತದೆ, ಆ ಪದರದ ತೂಕವನ್ನು ತಕ್ಕಡಿಯಲ್ಲಿ ನಂಬಿಕೆಯಿಂದ ಅಳೆಯಲಾಗುವುದಿಲ್ಲ. ಕತ್ತಲಲ್ಲಿ ಅಳೆದ ರೇಖೆಯನ್ನು ಅದೇ ವಸ್ತುವಿನ ಹೆಚ್ಚಿನ ಪ್ರಮಾಣದ ಮಾದರಿಯ ರೇಖೆಗೆ ಹೊಂದಿಸಿ ತೂಕವನ್ನು ಲೆಕ್ಕ ಹಾಕುವುದು ಇಲ್ಲಿನ ದಾರಿ. ಬೆಳಕಿನಿಂದಲೇ ಮಾದರಿ ಬಿಸಿಯಾಗಿ ಗುಣಲಬ್ಧ ಬದಲಾಗುತ್ತಿದೆಯೇ ಎಂದು ತಿಳಿಯಲು ದೀಪ ಆರಿಸಿದ ಕೂಡಲೇ ಬರುವ ಬೆಲೆಗಳನ್ನು ಬೇರೆಯಾಗಿ ದಾಖಲಿಸಬೇಕು: ಬರಿಯ ಬಿಸಿಯಾದರೆ ಸಂಕೇತವು ತಕ್ಷಣ ಹಿಂದಿನ ಬೆಲೆಗೆ ಮರಳುತ್ತದೆ, ಬೆಳಕು ನಿಜವಾಗಿ ಸ್ಥಿತಿಯನ್ನು ಬದಲಿಸಿದ್ದರೆ ನಿಧಾನವಾಗಿ ಇಳಿಯುತ್ತದೆ, ಮತ್ತು ಆ ಇಳಿಕೆಯ ವೇಗವನ್ನು ಹಲವು ತಾಪಮಾನಗಳಲ್ಲಿ ಹಿಡಿದಿಡಲು ಈ ಉಪಕರಣದ ಸ್ಥಿರತೆ ಸಾಕಷ್ಟು ಒಳ್ಳೆಯದಿದೆ.